ಸಾವಂತ್ರವ್ವ ಮತ್ತು ಎರಡು ಬಣ್ಣದ ನೀಲ

ಸಾವಂತ್ರವ್ವನ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಹರಳು ಪಡೆದದ್ದಕ್ಕೆ ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿಯ ಬೊಟ್ಟು ಮೂಡುತ್ತಿತ್ತು. ಇದೆಂಥ ಗುರುತು ಎಂದು ನಮ್ಮ ಅಂಗಡಿಯ ಸೇಠರು ಗೊಣಗಿದರೆ ಸಾವಂತ್ರವ್ವ ನನ್ನ ಕಡೆ ತಿರುಗಿ, "ಇದ್ದ ಗೆರಿ ಎಲ್ಲಾ ಅವರ ಹರಳಿನ್ಯಾಗ ಸವದಾವು, ಅಲ್ಲೇ ಹುಡಕಂತ ಹೇಳ್ರಿ ರಾಯರ" ಎನ್ನುತ್ತಿದ್ದರು.

ಅದು ಐವತ್ತರ ದಶಕ. ಉಡುಪಿ ಕಡೆಯವನಾದ ನಾನು ಝವೇರಿ ಬಜಾರಿನಲ್ಲಿ ಆ ಸೇಠರ ಹರಳಿನ ಪೇಢಿಯ ಗುಮಾಸ್ತನಾಗಿದ್ದೆ. ಸಾವಂತ್ರವ್ವ ಬೆಳಗಾವಿ ಸೀಮೆಯವರು. ಹರಳಿಗೆ ಸಾಣೆ ಹಿಡಿಯುತ್ತಿದ್ದ ಗಂಡ ತೀರಿಕೊಂಡ ಮೇಲೆ, ಹೆಂಗಸು ಸಾಣೆಯ ಮುಂದೆ ಕೂರುವುದುಂಟೇ ಎಂದವರನ್ನು ಲೆಕ್ಕಿಸದೆ, ಜೋಗೇಶ್ವರಿಯ ಚಾಳಿನ ಖೋಲಿಯಲ್ಲಿ ತಾವೇ ಚಕ್ರ ತಿರುಗಿಸತೊಡಗಿದರು. ಎರಡೇ ವರ್ಷದಲ್ಲಿ ಸಿಲೋನಿನ ಒಳ್ಳೆಯ ನೀಲಮಣಿಗಳೆಲ್ಲ ಅವರ ಕೈಗೇ ಹೋಗುವಂತಾಯಿತು. ಹಿಂದಿ ಅರ್ಥವಾಗುತ್ತಿತ್ತು, ಆಡುತ್ತಿರಲಿಲ್ಲ. ಅವರ ಖಡಕ್ ಮಾತನ್ನು ಸೇಠರಿಗೆ ಮೆತ್ತಗೆ ಮಾಡಿ ದಾಟಿಸುವುದು ನನ್ನ ಕೆಲಸ.

ನೀಲವೆಂದರೆ ನೀಲಿಯೇ ಎಂದು ನಾನು ತಿಳಿದಿದ್ದೆ. ಅವರು ನಕ್ಕಿದ್ದರು. "ಹಳದಿ ಐತಿ, ಹಸರ ಐತಿ, ತಾವರಿ ಎಸಳಿನಂಥಾದ್ದೂ ಐತಿ. ಒಂದ ತಾಯಿ ಮಕ್ಕಳು, ಮಾರಿ ಬ್ಯಾರೆ ಬ್ಯಾರೆ."

ಒಂದು ಬೆಳಿಗ್ಗೆ ಪೇಢಿಯ ವರಾಂಡದಲ್ಲಿ ಅವರಿಗೊಂದು ಹರಳು ಕೊಟ್ಟೆ. ತಿಳಿನೀಲಿ. ನಾಲ್ಕು ದಿನ ಬಿಟ್ಟು ಸಾಣೆ ಹಿಡಿದು ತಂದರು. ಸೇಠರು ಒಳಕೋಣೆಯಲ್ಲಿದ್ದರು. ಅಲ್ಲಿ ಕಿಟಕಿಯಿಲ್ಲ, ಹಗಲಲ್ಲೂ ಬಲ್ಬು ಉರಿಯಬೇಕು. ಪೊಟ್ಟಣ ಬಿಚ್ಚಿದರೆ ಒಳಗಿದ್ದದ್ದು ಅಪ್ಪಟ ನೇರಳೆ ಬಣ್ಣದ ಹರಳು.

"ಮಾಲ್ ಬದಲ್ ದಿಯಾ! ಚೋರ್!" ಎಂದು ಸೇಠರು ಕಿರುಚಿದರು. ಗಿರಾಕಿಗಳು ಬಾಗಿಲಲ್ಲಿ ನೆರೆದರು. ನೀನು ಕೊಟ್ಟಾಗ ಯಾವ ಬಣ್ಣವಿತ್ತೆಂದು ಸೇಠರು ನನ್ನನ್ನೇ ಕೇಳಿದರು. ನೀಲಿ ಎಂದೆ. ಅದು ನಿಜವೇ. ಆದರೆ ಈಕೆ ಅಂಥವರಲ್ಲ ಎನ್ನಲು ನನಗೆ ನಾಲಗೆ ಏಳಲಿಲ್ಲ.

ಚೀಲ ತೋರಿಸು ಎಂದು ಸೇಠರು ಕೈಚಾಚಿದರು. ಸಾವಂತ್ರವ್ವ ಚೀಲವನ್ನು ಎದೆಗವಚಿಕೊಂಡರು. "ತೋರಸೂದಿಲ್ಲ. ಕಳ್ಳಿ ಅಂದವರ ಮುಂದ ನಾ ಚೀಲಾ ಬಿಚ್ಚಾಕಿ ಅಲ್ಲ. ಕಣ್ಣಿದ್ರ ಹೊರಗ ಬೆಳಕಿಗೆ ಬಂದ ನೋಡಂತ ಹೇಳ್ರಿ."

"ದಯವಿಟ್ಟು ಹೊರಗೆ ಬಂದು ನೋಡಬೇಕಂತೆ," ಎಂದೆ ಹಿಂದಿಯಲ್ಲಿ.

"ದಯಾ ಯಾಕ ಹಚ್ಚತೀರಿ? ಅಂದದ್ದನ್ನ ಅನ್ರಿ!" ಎಂದು ನನ್ನ ಮೇಲೆಯೇ ಹರಿಹಾಯ್ದರು. ಸೇಠರ ಮುಂದಿದ್ದ ಹರಳನ್ನು ಎತ್ತಿಕೊಂಡು ಜನರನ್ನು ಸರಿಸುತ್ತ ಹೊರಟೇಬಿಟ್ಟರು. ಹಿಡೀರಿ ಹಿಡೀರಿ ಎನ್ನುತ್ತ ಸೇಠರು ಬೆನ್ನಟ್ಟಿದರು. ಸಾವಂತ್ರವ್ವ ಓಡಲಿಲ್ಲ. ವರಾಂಡದ ಬಿಸಿಲಿನಲ್ಲಿ ನಿಂತು ಅಂಗೈ ಬಿಚ್ಚಿದರು. ನಾನು ಕೊಟ್ಟಿದ್ದ ಅದೇ ತಿಳಿನೀಲಿ. ಒಳಗಿನ ಬಲ್ಬಿನ ಬೆಳಕಿಗೆ ಒಯ್ದರೆ ನೇರಳೆ, ಹೊರಗೆ ಬಿಸಿಲಿಗೆ ತಂದರೆ ನೀಲಿ. ಅಂಥ ಹರಳನ್ನು ಸೇಠರೂ ಅದುವರೆಗೆ ಕಂಡಿರಲಿಲ್ಲ.

ಅವರು ಪೆಚ್ಚಾಗಿ ನಕ್ಕು, ಮುಂದಿನ ಪೊಟ್ಟಣ ಕೊಡುವಂತೆ ನನಗೆ ಹೇಳಿದರು. ಸಾವಂತ್ರವ್ವ ಮುಟ್ಟಲಿಲ್ಲ. "ಕಳ್ಳಿ ಅಂದದ್ದು ಹತ್ತ ಮಂದಿ ಮುಂದ. ತಪ್ಪಾತು ಅನ್ನೂದೂ ಹತ್ತ ಮಂದಿ ಮುಂದ ಆಗಬೇಕು." ಸೇಠರು ಒಳಗೆ ಹೋದರು. ಸಾವಂತ್ರವ್ವ ಮೆಟ್ಟಿಲಿಳಿದರು.

ಬಜಾರಿನಲ್ಲಿ ಉಳಿದದ್ದು ಕಳ್ಳಿ ಎಂಬ ಮಾತೊಂದೇ. ಬೇರೆ ಪೇಢಿಗಳೂ ಕೆಲಸ ಕೊಡಲಿಲ್ಲ. ಅಂಥ ಕೈ ಬಾಂದ್ರಾದ ಬೆಳ್ಳಿ ಅಂಗಡಿಯೊಂದಕ್ಕೆ ಗಾಜಿನ ಹರಳು ತಿಕ್ಕಿತು. ಇತ್ತ ಹೊಸ ಸಾಣೆಯವರು ಸೇಠರ ಎರಡು ನೀಲಗಳನ್ನು ಒಡೆದಿಟ್ಟರು. ಸೇಠರು ಮೂರು ಸಲ ನನ್ನನ್ನು ಜೋಗೇಶ್ವರಿಗೆ ಅಟ್ಟಿದರು. ಮೂರು ಸಲವೂ ಒಂದೇ ಉತ್ತರ: "ಅವರ ಬರ್ಲಿ."

ಕೊನೆಗೆ ಸೇಠರೇ ನನ್ನೊಂದಿಗೆ ಬಂದರು. ಚಾಳಿನ ನಳದ ಮುಂದೆ ಹೆಂಗಸರು ಕೊಡಗಳನ್ನು ಸಾಲಾಗಿಟ್ಟು ನಿಂತಿದ್ದರು. "ಗಲತೀ ಹೋ ಗಯೀ, ಬೆಹನ್," ಎಂದು ಸೇಠರು ಖೋಲಿಯ ಬಾಗಿಲಲ್ಲಿದ್ದ ಸಾವಂತ್ರವ್ವನಿಗೆ ಗಂಟಲಲ್ಲೇ ಅಂದರು.

"ನೀರಿನ ಸಪ್ಪಳದಾಗ ಕೇಳಸ್ಲಿಲ್ಲ. ಜೋರಾಗಿ ಅನ್ನಂತ ಹೇಳ್ರಿ."

ಈ ಸಲ ಒಂದಕ್ಷರವನ್ನೂ ಮೆತ್ತಗೆ ಮಾಡದೆ ಹೇಳಿದೆ. ಸೇಠರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಇಡೀ ಚಾಳಿಗೆ ಕೇಳುವಂತೆ ಕ್ಷಮೆ ಕೇಳಿ, ಹರಳಿನ ಪೊಟ್ಟಣ ಚಾಚಿದರು.

"ಮಾಫ್ ಮಾಡೇನಿ," ಎಂದರು ಸಾವಂತ್ರವ್ವ. "ಕೆಲಸಾ ಮಾತ್ರ ಒಲ್ಲೆ."

ಸೇಠರು ದಡದಡನೆ ರಸ್ತೆಗೆ ನಡೆದರು. ನಾನೂ ಹಿಂದೆ ಹೆಜ್ಜೆಯಿಟ್ಟೆ. "ರಾಯರ, ಚಾ ಕುಡದ ಹೋಗ್ರಿ," ಎಂದು ಸಾವಂತ್ರವ್ವ ಕರೆದರು. ಮುಂದಿನ ತಿಂಗಳೇ ಅವರು ಕಾಂದಿವಲಿ ಕಡೆಗೆ ಮನೆ ಬದಲಿಸಿದರಂತೆ. ಹುಡುಕಿದರೂ ಸಿಗಲಿಲ್ಲ. ಆ ದಿನ ಸೇಠರು ರಸ್ತೆಯಿಂದ ನನ್ನ ಹೆಸರು ಹಿಡಿದು ಎರಡು ಸಲ ಕೂಗಿದರು. ನಾನು ಹೊಸ್ತಿಲ ಮೇಲೆ ಕೂತು, ಚಹಾವನ್ನು ಸಾಸರಿಗೆ ಸುರಿದು, ಆರಿಸಿಕೊಂಡು ಕುಡಿದೆ.