ಹೌಸಾಬಾಯಿಯ ಅಣಬೆ ಮಾಲೆ

ಹೋದ ವಾರ ಪಕ್ಕದ ಮನೆಯ ಸವಿತಾ ಒಂದು ಪೊಟ್ಟಣವನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಂದಳು. ಅವಳ ಗಂಡ ಕೊಲ್ಲಾಪುರದ ಯಾವುದೋ ದೊಡ್ಡ ಅಂಗಡಿಯಿಂದ ತಂದದ್ದಂತೆ. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ಬಟ್ಟಲು ತುಂಬ ಖಿಮಾದ, ಅಂದರೆ ಕೊಚ್ಚಿದ ಮಾಂಸದ ಪಲ್ಯದ ಚಿತ್ರ. ಸವಿತಾ ಹುಟ್ಟಿದಂದಿನಿಂದ ಸೊಪ್ಪು ಕಾಳು ಬಿಟ್ಟು ಬೇರೆ ಕಂಡವಳಲ್ಲ. ಗಂಡ ಏನೇ ಹೇಳಿದರೂ ಅವಳಿಗೆ ನಂಬಿಕೆ ಹುಟ್ಟಿರಲಿಲ್ಲ.

"ಅಕ್ಕೋರ, ಚಾಳೀಸ ಹಾಕ್ಕೊಂಡ ಈ ಸಣ್ಣ ಅಕ್ಷರ ಒಂಚೂರ ಓದ್ರಿ. ಇದರಾಗ ಅದು ಇಲ್ಲಲ್ರಿ?" ಎಂದಳು. ಅದು ಎಂದರೆ ಯಾವುದು ಎಂದು ಬಾಯಿಬಿಟ್ಟು ಹೇಳಲಿಲ್ಲ.

ಓದಿದೆ. ಶೇಂಗಾ, ಗೋಡಂಬಿ, ಅಣಬೆ, ಉಪ್ಪು, ಹೆಸರು ಹೇಳಲು ಬಾರದ ಇನ್ನೂ ನಾಲ್ಕಾರು. ಅದು ಇರಲಿಲ್ಲ. ಮೂಲೆಯಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ, ಇದು ಈವರೆಗೆ ಯಾರೂ ಮಾಡಿರದ ಆಹಾರ ಎಂದು ಬರೆದಿತ್ತು. ಮೊದಲು ನಗು ಬಂತು. ಆಮೇಲೆ, ನಿಮ್ಮ ಹತ್ತಿರ ಮುಚ್ಚಿಡುವುದೇನು, ಸಿಟ್ಟು ಬಂತು. ಯಾರೂ ಮಾಡಿಲ್ಲವೆಂದರೆ ಏನರ್ಥ? ನನ್ನದೇ ಸೀಮೆಎಣ್ಣೆ ಸ್ಟೋವಿನ ಮೇಲೆ, ನನ್ನ ಕಣ್ಣ ಮುಂದೆ, ಸದಲಗಾದಲ್ಲಿ ಒಬ್ಬಾಕೆ ಇದನ್ನು ಮಾಡಿ ಮೂವತ್ತೈದು ವರ್ಷವಾಗಿದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಯಬಾಗದಿಂದ ಸದಲಗಾದ ಶಾಲೆಗೆ ವರ್ಗವಾಗಿ ಹೋಗಿ, ಹೌಸಾಬಾಯಿಯವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮರಾಠಿಯಲ್ಲಿ ಹೌಸ ಎಂದರೆ ಉಮೇದು. ಕೂಸು ನೋಡಿಯೇ ಹೆಸರಿಟ್ಟಿರಬೇಕು, ಈಕೆಯ ಉಮೇದು ಅಂಥದ್ದು. ಕಚ್ಚೆ ಹಾಕಿ ಉಟ್ಟ ಸೀರೆ, ರೂಪಾಯಿ ಅಗಲದ ಕುಂಕುಮ, ಮೂರು ಮನೆ ಆಚೆಗೂ ಕೇಳುವ ದನಿ. ನಾನು ಲಿಂಗಾಯತರ ಮನೆಯವಳು. ನಮ್ಮಲ್ಲಿ ತತ್ತಿ ಒಡೆದ ಸಪ್ಪಳವೂ ಕೇಳಿದ್ದಿಲ್ಲ. ಅವರ ಮನೆಯಲ್ಲಿ ವಾರಕ್ಕೆರಡು ಸಲ ಖಿಮಾ ಬೇಯುತ್ತಿತ್ತೆಂದು ಗೊತ್ತಾಗಿದ್ದರೆ ನನ್ನ ಅವ್ವ ಆ ಕೋಣೆಗೆ ನನ್ನನ್ನು ಕಳಿಸುತ್ತಲೇ ಇರಲಿಲ್ಲ. ಆದರೆ ನಾನು ಹೋಗುವ ಹೊತ್ತಿಗೆ ಆ ಖಿಮಾ ನಿಂತುಹೋಗಿ ಆರು ತಿಂಗಳಾಗಿತ್ತು.

ಅವರ ಯಜಮಾನರು ಅಪ್ಪಾಸಾಹೇಬರು ಪಂಢರಪುರಕ್ಕೆ ಹೋದವರು ಕೊರಳಲ್ಲಿ ತುಳಸಿ ಮಾಲೆ ಹಾಕಿಕೊಂಡು ಬಂದಿದ್ದರು. ನಮ್ಮ ಗಡಿಯ ಕಡೆ ಇಂಥವರನ್ನು ಮಾಳಕರಿ ಎನ್ನುತ್ತಾರೆ. ಮಾಲೆ ಕೊರಳಿಗೆ ಬಿತ್ತೆಂದರೆ ಮಾಂಸ ಮುಟ್ಟುವಂತಿಲ್ಲ, ಮುಟ್ಟಿದರೆ ಮಾಲೆ ಮುರಿದಂತೆ. ಅಪ್ಪಾಸಾಹೇಬರು ಮಿತಭಾಷಿ. ಬಂದವರೇ "ನಾಳಿಂದ ಮನ್ಯಾಗ ಬ್ಯಾಡ" ಎಂದರಂತೆ. ಅಷ್ಟೇ. ಖಿಮಾ ಮಾಡುತ್ತಿದ್ದ ತಾಮ್ರದ ಪಾತೇಲಿಯನ್ನು ದನದ ಕೊಟ್ಟಿಗೆಯಲ್ಲಿ ಬೋರಲು ಹಾಕಿದರು. ಅದರ ಮೇಲೆ ಒಂದು ಕೋಳಿ ಬಂದು ಆರಾಮಾಗಿ ಕೂಡುತ್ತಿತ್ತು. ಕೋಳಿಯನ್ನು ನೋಡಿದಾಗಲೆಲ್ಲ ಹೌಸಾಬಾಯಿಯ ಮುಖ ಸಣ್ಣದಾಗುತ್ತಿತ್ತು.

ಒಂದು ದಿನ ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತು ಹೇಳಿಕೊಂಡರು. "ನಾ ಮಾಡಿದ ಖಿಮಾ ತಿನ್ನಾಕ ನಿಪ್ಪಾಣಿಯಿಂದ ಮಂದಿ ಬರ್ತಿದ್ರರಿ ಅಕ್ಕೋರ. ನನ್ನ ಶೋಭಾನ ನೋಡಾಕ ಕಾಗವಾಡದವ್ರು ಬಂದಾಗ, ಹುಡಗಿ ಮಾರಿ ನೋಡೂದ ಬಿಟ್ಟ ಎಲಿ ನೋಡ್ಕೊಂತ ಕುಂತಿದ್ರು. ಈಗ ಯಾರರ ಹೌಸಾಬಾಯಿ ಅಂತಾರೇನ್ರಿ? ಮಾಲಿ ಹಾಕ್ಕೊಂಡಾವ್ರು ಅವ್ರು. ಕೈ ಕಟ್ಟಿ ಕುಂತಾಕಿ ನಾ."

ಗಂಡನ ಮೇಲೆ ಅವರಿಗೆ ಕೋಪವಿರಲಿಲ್ಲ. ತಾವೂ ಅಂದಿನಿಂದ ತುಂಡು ಮುಟ್ಟಿರಲಿಲ್ಲ. ಹೋದದ್ದು ತಿನ್ನುವ ಸುಖವಲ್ಲ, ಕೈಯ ಹೆಸರು. ನಾನೂ ಪಾಠ ಹೇಳಿ ಹೊಟ್ಟೆ ಹೊರೆಯುವವಳು. ನಾಳೆಯಿಂದ ಕನ್ನಡ ಕಲಿಸಬೇಡ ಎಂದರೆ ನನಗೆ ಹೇಗಾಗಬಹುದೆಂದು ಯೋಚಿಸಿದೆ.

ಆ ಸಲ ಮಗಳು ಶೋಭಾಳ ಮದುವೆಯ ಮಾತು ಮುಗಿದು, ದೀಪಾವಳಿ ದಾಟಿದ ಮೇಲೆ ಬೀಗರೂಟ ಎಂದು ನಿಶ್ಚಯವಾಯಿತು. ಕಾಗವಾಡದ ಬೀಗರು ದ್ರಾಕ್ಷಿ ತೋಟದವರು, ಊಟದ ವಿಷಯದಲ್ಲಿ ಸಂಕೋಚವಿಲ್ಲದವರು. ಖಿಮಾ ಇರುತ್ತದಲ್ಲ ಎಂದು ಕೇಳಿ ಕಳಿಸಿದರು. ಹೌಸಾಬಾಯಿ ಯಾರನ್ನೂ ಕೇಳದೆ "ಇರ್ತೈತಿ ಅಂತ ಹೇಳ್ರಿ" ಎಂದುಬಿಟ್ಟರು. ಅಂದು ಸಂಜೆಯೇ ನನ್ನ ಕೋಣೆಗೆ ಬಂದು, "ಅಕ್ಕೋರ, ನಿಮ್ಮ ಸ್ಟೋವ್ ಬೇಕಾಗೇತ್ರಿ. ತುಂಡಿಲ್ಲದ ಖಿಮಾ ಮಾಡಿ ನೋಡ್ತೀನಿ" ಎಂದರು. ಒಳಗಿನ ಒಲೆಯ ಮೇಲೆ ಮಾಡಿ ಕೆಟ್ಟರೆ ಮನೆಮಂದಿಯೆಲ್ಲ ನಗುತ್ತಾರೆ, ನನ್ನ ಕೋಣೆಯಲ್ಲಿ ಕೆಟ್ಟರೆ ತಿನ್ನಲು ನಾನಿದ್ದೇನೆ. ಇದು ಅವರ ಲೆಕ್ಕ.

ಹಾಗೆ ಒಂದು ಮಳೆಗಾಲ ಪೂರ್ತಿ ನಾನು ಕೆಟ್ಟ ಖಿಮಾ ತಿಂದೆ. ಮೊದಲ ಸಲ ಶೇಂಗಾ ನುಣ್ಣಗಾಗಿ ಚಟ್ನಿಯಾಯಿತು. ಎರಡನೆಯ ಸಲ ಶೇಂಗಾ ಬೇಯಿಸಿ ಹಾಕಿದರು, ಅದು ಬೇಯಿಸಿದ ಶೇಂಗಾ ಆಗಿಯೇ ಉಳಿಯಿತು. ಮೂರನೆಯ ಸಲ ಅಣಬೆ ಬಂತು. ಮೊದಲ ಮಳೆಗೆ ದೂಧಗಂಗಾ ದಂಡೆಯ ಹುತ್ತಗಳ ಮೇಲೆ ಏಳುತ್ತಿದ್ದ ಅಣಬೆಯನ್ನು ಕಬ್ಬಿನ ಕೆಲಸದ ಹೆಣ್ಣುಮಕ್ಕಳು ಸೆರಗಿನಲ್ಲಿ ಕಟ್ಟಿ ತರುತ್ತಿದ್ದರು. ಹೌಸಾಬಾಯಿ ಅದನ್ನು ಅಳಂಬಿ ಎನ್ನುತ್ತಿದ್ದರು. ನಮ್ಮ ಅವ್ವನ ಬಾಯಲ್ಲಿ ಅದು ನಾಯಿಕೊಡೆ. ಮೊದಲ ತುತ್ತಿಗೆ ಅವ್ವನ ಮುಖ ನೆನಪಾಗಿ, ನೀರು ಕುಡಿದು ನುಂಗಿದೆ. ಶೇಂಗಾ ಕೊಡುತ್ತಿದ್ದವರು ಪಕ್ಕದ ಜೈನರ ಮನೆಯ ಕಾಕಿ. ಅವರದು ಒಂದೇ ಕರಾರು: "ಶೇಂಗಾ ಎಷ್ಟ ಬೇಕ ಅಷ್ಟ ಒಯ್ರಿ. ನಿಮ್ಮ ಅಳಂಬಿ ಮಾತ್ರ ನಮ್ಮ ಗ್ವಾಡಿ ದಾಟಿ ಬರಬಾರದು."

ತಮಾಷೆಯೆಂದರೆ, ಪ್ರತಿ ಸಲವೂ ಹೌಸಾಬಾಯಿ ನನ್ನ ಬಾಯಿಯನ್ನೇ ನೋಡುತ್ತ "ಖಿಮಾದಾಂಗ ಆಗೇತೇನ್ರಿ?" ಎಂದು ಕೇಳುತ್ತಿದ್ದರು. ಖಿಮಾ ಹೇಗಿರುತ್ತದೆಂದು ನನಗೇನು ಗೊತ್ತು? ಉಪ್ಪು ಸರಿಯಿದೆ ಎನ್ನುತ್ತಿದ್ದೆ. ಅಷ್ಟು ಹೇಳಲು ಮಾತ್ರ ನನಗೆ ಅಧಿಕಾರವಿತ್ತು. ಅವರು ತಾವೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಹಳೆಯದನ್ನೆಲ್ಲ ನೆನಪಿಸಿಕೊಂಡು, ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದರು. ಒಂದು ದಿನ ಹೀಗೆ ಕಣ್ಣು ಮುಚ್ಚಿದವರು ಥಟ್ಟನೆ ತೆರೆದು, "ನಾ ಹುಚ್ಚಿ ಅದೀನ್ರಿ ಅಕ್ಕೋರ. ಇಷ್ಟ ದಿನ ನಾಲಿಗಿ ಕೇಳ್ಕೊಂತ ಕುಂತೆ. ಖಿಮಾ ನಾಲಿಗೀದಲ್ಲ, ಹಲ್ಲಿಂದು" ಎಂದರು.

ಅಂದಿನಿಂದ ಕೆಲಸ ಬೇರೆಯೇ ಆಯಿತು. ಹಸಿ ಅಣಬೆ ನೀರು ಬಿಟ್ಟು ಮೆತ್ತಗಾಗುತ್ತದೆ, ಹಲ್ಲಿಗೆ ಏನೂ ಸಿಗುವುದಿಲ್ಲ. ಅದಕ್ಕೆ ಹೌಸಾಬಾಯಿ ಅಣಬೆಯನ್ನು ಸೂಜಿ ದಾರದಲ್ಲಿ ಪೋಣಿಸಿ ಮಾಲೆ ಮಾಡಿ, ಬಿಸಿಲು ಬಿದ್ದಾಗ ಬಿಸಿಲಿಗೆ, ಇಲ್ಲದಾಗ ನನ್ನ ಸ್ಟೋವಿನ ಮೇಲಿನ ಗೂಟಕ್ಕೆ ತೂಗುಹಾಕಿದರು. ಒಣಗಿದ್ದನ್ನು ಬಿಸಿನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಕಬ್ಬು ಕಡಿಯುವ ಕೊಯ್ತಾ ಹಿಡಿದು ಮರದ ತುಂಡಿನ ಮೇಲೆ ಟಕಟಕ ಕೊಚ್ಚುವುದು. ನೆನೆಸಿದ ಶೇಂಗಾಕ್ಕೆ ಕುಟ್ಟುವ ಒಳ್ಳಿನಲ್ಲಿ ಎರಡೇ ಪೆಟ್ಟು, ಮೂರನೆಯದು ಬೀಳಬಾರದು. ಎರಡನ್ನೂ ಬೇರೆ ಬೇರೆಯಾಗಿ ಎಣ್ಣೆಯಿಲ್ಲದೆ ಹುರಿದು, ಆಮೇಲೆ ಕೂಡಿಸಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಅರೆದ ಕಾಂದಾ ಲಸೂಣ ಮಸಾಲೆ. ಅಣಬೆ ನೆನೆದ ಕಂದು ನೀರನ್ನು ಚೆಲ್ಲದೆ ಅದರಲ್ಲೇ ಬೇಯಿಸಬೇಕು. ಕೊಚ್ಚುವ ಸಪ್ಪಳ ಕೇಳಿ ಕಾಕಿ ಗೋಡೆಯಾಚೆಯಿಂದ "ಅಕ್ಕೋರ, ಏನ ಕಡಿಯಾಕತ್ತೀರಿ?" ಎಂದರು. ನಾನು ಕೊತ್ತಂಬರಿ ಎಂದೆ. ಅರ್ಧ ತಾಸು ಕೊಚ್ಚುವಷ್ಟು ಕೊತ್ತಂಬರಿ ಸದಲಗಾದ ಸಂತೆಯಲ್ಲೂ ಸಿಗುತ್ತಿರಲಿಲ್ಲ.

ಅಂದು ಚಿಟಿಕೆ ಬಾಯಿಗಿಟ್ಟ ಹೌಸಾಬಾಯಿ ಕಣ್ಣು ಮುಚ್ಚಿ ಅಗಿದರು. ತಲೆ ಅಲ್ಲಾಡಿಸಲಿಲ್ಲ. ಎದ್ದು ಗೂಟದ ಮೇಲಿದ್ದ ಮಾಲೆಯನ್ನು ಮುಟ್ಟಿ, "ಅವರದೊಂದು ಮಾಲಿ, ನಂದೊಂದು ಮಾಲಿ" ಎಂದರು. ಕೊನೆಯ ದೊಡ್ಡ ಮಾಲೆಯನ್ನು ಬೀಗರೂಟಕ್ಕೆಂದು ಅಲ್ಲೇ ಉಳಿಸಿದರು.

ಬೀಗರೂಟದ ದಿನ ಶನಿವಾರ, ಬೆಳಗಿನ ಶಾಲೆ. ನಾನು ಹೊರಡುವಾಗ ಮಾಲೆ ಗೂಟದ ಮೇಲೆಯೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಶಾಲೆ ಬಿಟ್ಟು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಪಂಕ್ತಿ ಕೂತಿತ್ತು. ಹಿರಿಯ ಬೀಗರು ಎರಡನೆಯ ಸಲ ಬಡಿಸಿಕೊಂಡು, ರೊಟ್ಟಿ ಮುರಿದು ಅದ್ದಿ, "ಏಕ ನಂಬರ ಆಗೇತ್ರಿ" ಎಂದರು. ಆಮೇಲೆ ಪಕ್ಕದಲ್ಲಿದ್ದ ಅಪ್ಪಾಸಾಹೇಬರ ಕಡೆ ತಿರುಗಿ ನಗುತ್ತ, "ಮಾಲಿ ಹಾಕ್ಕೊಂಡ್ರೂ ಬೀಗರು ಖಿಮಾ ಬಿಡಲಿಲ್ಲ ಬಿಡ್ರಿ" ಎಂದರು.

ಅಪ್ಪಾಸಾಹೇಬರು ಆಗತಾನೇ ಮೊದಲ ತುತ್ತು ನುಂಗಿದ್ದರು. ಇದೇನೋ ಕಾಳಿನ ಪಲ್ಯ ಎಂದುಕೊಂಡಿದ್ದರೆಂದು ಕಾಣುತ್ತದೆ. ಅವರ ಎಡಗೈ ಕೊರಳಿನ ಮಾಲೆಗೆ ಹೋಯಿತು.

"ಏನ ಬಡಿಸಿದಿ, ಶೋಭಾನವ್ವಾ?"

"ಐವತ್ತ ವರ್ಷ ತಿಂದೀರಿ. ನೀವ ಹೇಳ್ರಿ" ಎಂದರು ಹೌಸಾಬಾಯಿ. ಸೌಟು ಹಿಡಿದು ನೆಟ್ಟಗೆ ನಿಂತಿದ್ದರು.

"ಖಿಮಾ" ಎಂದರು ಅಪ್ಪಾಸಾಹೇಬರು. "ನನ್ನ ಮಾಲಿ ಮುರದಿ."

ಹೊಗಳಿಕೆಯೂ ಅದೇ, ಆರೋಪವೂ ಅದೇ. ಬಾಗಿಲಲ್ಲಿ ನಿಂತ ಶೋಭಾ ಒಮ್ಮೆ ಅಪ್ಪನ, ಒಮ್ಮೆ ಮಾವನ ಮುಖ ನೋಡುತ್ತಿದ್ದಳು. ಶೇಂಗಾ ಮತ್ತು ಅಳಂಬಿ ಎಂದು ಹೌಸಾಬಾಯಿ ಹೇಳಿದರು. ಹಿರಿಯ ಬೀಗರು ನಕ್ಕುಬಿಟ್ಟರು. "ನಮ್ಮ ನಾಲಿಗಿ ಅಷ್ಟ ಸತ್ತಿಲ್ರಿ ಅಕ್ಕಾರ."

ಹೌಸಾಬಾಯಿ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ನನ್ನನ್ನು ನೋಡಿ, "ಅಕ್ಕೋರ, ಬರ್ರಿ, ಊಟಕ್ಕ ಕುಂದರ್ರಿ" ಎಂದರು. ಪಂಕ್ತಿಯ ತುದಿಗೆ ಒಂದು ತಾಟು ಇಟ್ಟು, ಅದೇ ಪಾತ್ರೆಯಿಂದ, ಅದೇ ಸೌಟಿನಿಂದ ಬಡಿಸಿದರು. ನಾನು ಯಾರ ಮನೆಯವಳು, ಏನು ತಿನ್ನುವವಳು ಎಂಬುದು ಇಡೀ ಓಣಿಗೆ ಗೊತ್ತು. ಎಲ್ಲರ ಕಣ್ಣು ನನ್ನ ತಾಟಿನ ಮೇಲೆ ಬಂತು.

ನನಗೆ ಗೂಟದ ಮೇಲಿನ ಮಾಲೆ ಕಣ್ಣಿಗೆ ಕಟ್ಟಿತು. ಬೆಳಗ್ಗೆ ಅದು ಅಲ್ಲೇ ಇತ್ತಲ್ಲ. ಹಾಗಾದರೆ ಈ ಪಾತ್ರೆಯಲ್ಲಿ ಇರುವುದು ಏನು? ಬೀಗರ ಮುಂದೆ ಮಾನ ಹೋಗಬಾರದೆಂದು ಈಕೆ ಎಲ್ಲಿಂದಾದರೂ ತರಿಸಿದ್ದರೆ? ಪರಿಮಳವೂ ನನ್ನ ಕೋಣೆಯದಕ್ಕಿಂತ ಜೋರಾಗಿತ್ತು. ತುತ್ತು ತಟ್ಟೆಯ ಮೇಲೆ ನಿಂತಿತು. ಹೌಸಾಬಾಯಿಯನ್ನು ನೋಡಿದೆ. ಅವರು ಕಣ್ಣು ತಪ್ಪಿಸಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ತಿಂದೆ. ಶೇಂಗಾ ಹಲ್ಲಿಗೆ ಸಿಕ್ಕಿತು, ಹಿಂದೆಯೇ ಅಣಬೆಯೂ ಸಿಕ್ಕಿತು. ಒಂದು ಮಳೆಗಾಲ ಪೂರ್ತಿ ತಿಂದವಳಿಗೆ ಗುರುತು ಸಿಗದೆ ಇರುತ್ತದೆಯೇ? "ಹೌಸಾಕ್ಕ, ಇನ್ನೊಂದೀಟ ಹಾಕ್ರಿ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಹಿರಿಯ ಬೀಗರು ರೊಟ್ಟಿ ಕೆಳಗಿಟ್ಟರು. "ಅಕ್ಕೋರ ತಿಂದ್ರಂದ್ರ ಮುಗೀತ್ರಿ. ನಮ್ಮ ನಾಲಿಗಿ ಸತ್ತೇತಿ" ಎಂದು ತಾವೇ ಒಪ್ಪಿಕೊಂಡರು. ಅಪ್ಪಾಸಾಹೇಬರು ಮಾಲೆಯಿಂದ ಕೈ ತೆಗೆದು, ತಾಟಿನಲ್ಲಿದ್ದುದನ್ನು ಒಂದು ಕಾಳೂ ಬಿಡದಂತೆ ಉಂಡರು. ಮರುದಿನ ಬೆಳಗ್ಗೆ ಕೊಟ್ಟಿಗೆಗೆ ಹೋಗಿ, ಕೋಳಿಯನ್ನು ಎಬ್ಬಿಸಿ, ತಾಮ್ರದ ಪಾತೇಲಿ ಎತ್ತಿಕೊಂಡು ನಿಪ್ಪಾಣಿಯ ಬಸ್ಸು ಹತ್ತಿದರು. ಸಂಜೆ ಅದಕ್ಕೆ ಹೊಸ ಕಲಾಯಿ ಹಾಕಿಸಿ ತಂದು, ಹೆಂಡತಿಯ ಒಲೆಯ ಪಕ್ಕ ತಾವೇ ಇಟ್ಟರು. "ಇದು ಒಳಗ ಇರಲಿ" ಎಂದರು.

ಆಮೇಲೆ ಚಿಕ್ಕೋಡಿ, ಕಬ್ಬೂರ, ಎಲ್ಲೆಲ್ಲಿ ಮಾಳಕರಿಗಳ ಮನೆಯಲ್ಲಿ ಮದುವೆಯೋ ಅಲ್ಲಿಗೆಲ್ಲ ಹೌಸಾಬಾಯಿಗೆ ಕರೆ ಬರತೊಡಗಿತು. ಮಂದಿ ಅದನ್ನು ಮಾಲಿ ಖಿಮಾ ಎಂದರು. ಯಾವ ಮಾಲೆ ಎಂದು ಅವರೂ ಕೇಳಲಿಲ್ಲ, ಈಕೆಯೂ ಬಿಡಿಸಿ ಹೇಳಲಿಲ್ಲ.

ಅಂದು ಊಟ ಮುಗಿಸಿ ನನ್ನ ಕೋಣೆಗೆ ಹೋದಾಗ ಗೂಟದ ಮೇಲೆ ಬರೀ ದಾರ ತೂಗುತ್ತಿತ್ತು. ನಾನು ಹೋದ ಮೇಲೆ ಅವರು ಬಂದು ಬಿಡಿಸಿಕೊಂಡಿದ್ದರು. ನನಗೆ ನಾಚಿಕೆಯಾಯಿತು. ಕೆಲವು ದಿನ ಬಿಟ್ಟು ಹೇಳಿಯೇಬಿಟ್ಟೆ. "ಹೌಸಾಕ್ಕ, ಅವತ್ತ ಮುಂಜಾನೆ ನಾ ಹೋಗೂ ಮುಂದ ಮಾಲಿ ಗೂಟದ ಮ್ಯಾಲ ಇತ್ತರಿ. ತಿನ್ನೂ ಮುಂದ ನಂಗ..."

"ಗೊತ್ತೈತ್ರಿ" ಎಂದರು. "ನಿಮ್ಮ ಕೈ ನಿಂತಿದ್ದು ನೋಡಿದೆ. ಆದ್ರೂ ತಿಂದ್ರಿ."

ಅವರು ತೀರಿಕೊಂಡು ಬಹಳ ವರ್ಷವಾಯಿತು. ಇಷ್ಟು ದಿನ ನಾನು ಅದನ್ನು ಮಾಡುವ ಧೈರ್ಯ ಮಾಡಿರಲಿಲ್ಲ. ಅದು ಅವರ ಕೈಯದು, ನಾನು ಉಪ್ಪು ಹೇಳುವವಳು ಎಂದುಕೊಂಡಿದ್ದೆ. ಆ ಪೊಟ್ಟಣದ ದಪ್ಪ ಅಕ್ಷರ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಅಂಗಡಿಯ ಅಣಬೆ ತಂದು, ಚಾಳೀಸು ಹಾಕಿಕೊಂಡು ಸೂಜಿಗೆ ದಾರ ಪೋಣಿಸಿ, ಮಾಲೆ ಮಾಡಿ ಚಿಕ್ಕೋಡಿಯ ಈ ಮನೆಯ ಮಾಳಿಗೆಯಲ್ಲಿ ನಾಲ್ಕು ದಿನ ಒಣಗಿಸಿದೆ. ಒಳ್ಳಿನಲ್ಲಿ ಎರಡೇ ಪೆಟ್ಟು ಕೊಟ್ಟೆ. ಕಂದು ನೀರು ಚೆಲ್ಲಲಿಲ್ಲ. ನಿನ್ನೆ ಮಧ್ಯಾಹ್ನ ಒಂದು ಬಟ್ಟಲಲ್ಲಿ ಹಾಕಿ ಸವಿತಾಳನ್ನು ಕರೆದೆ.

ಅವಳು ಬಟ್ಟಲು ತೆಗೆದುಕೊಂಡಳು. ಮೂಸಿ ನೋಡಿದಳು. "ಅಕ್ಕೋರ, ಇದು..." ಎಂದು ನಿಲ್ಲಿಸಿದಳು. ನನ್ನ ಬಟ್ಟಲಿನ ಮೇಲೆ ಸಣ್ಣ ಅಕ್ಷರದಲ್ಲಿ ಏನೂ ಬರೆದಿರಲಿಲ್ಲ. ಚಮಚ ಬಾಯಿಯ ಹತ್ತಿರ ಒಂದು ಗಳಿಗೆ ನಿಂತಿತು. ನಾನು ನೋಡಿದೆ, ಕಣ್ಣು ತಪ್ಪಿಸಲಿಲ್ಲ. ಅವಳು ನನ್ನ ಮುಖ ನೋಡಿದಳು, ಆಮೇಲೆ ತಿಂದಳು. ಅಂದು ನನ್ನ ತುತ್ತು ನಿಂತಾಗ ಹೌಸಾಬಾಯಿಗೆ ಹೇಗಾಗಿರಬೇಕೆಂದು ನನಗೆ ಆಗ ತಿಳಿಯಿತು. ನನ್ನ ಕೈಯಲ್ಲೂ ಸೌಟಿತ್ತು, ನಾನೂ ನೆಟ್ಟಗೆ ನಿಂತಿದ್ದೆ.