ಫೋಮ್ ಕವಚಕ್ಕೆ ಆಯುಧಪೂಜೆ

ಹೋದ ವರ್ಷದ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ಜೊತೆಗೆ ನಾಚಿಕೆಯೂ ಆಗುತ್ತದೆ. ಅವತ್ತು ನಾವು ಮಾಡಿದ್ದು ಶಾಸ್ತ್ರಕ್ಕೆ ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಒಂಟಿಕೊಪ್ಪಲಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ನಮ್ಮ ಯಜಮಾನರು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಜೊತೆಗೆ ನಮ್ಮತ್ತೆ ಇದ್ದಾರೆ, ಒಬ್ಬಳೇ ಮಗಳು ಸಿಂಚನ. ಅವಳು ಎರಡನೇ ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾದಳು. ಮರುಪರೀಕ್ಷೆ ಕಟ್ಟಿದಳು, ಅದೂ ಹೋಯಿತು. ಗೆಳತಿಯರೆಲ್ಲ ಡಿಗ್ರಿಗೆ ಸೇರಿದರು, ಇವಳು ರೂಮು ಸೇರಿದಳು. ಊಟಕ್ಕೆ ಕರೆದರೆ ಬರುವುದು, ತಟ್ಟೆ ತೊಳೆದಿಟ್ಟು ಮತ್ತೆ ಬಾಗಿಲು ಹಾಕಿಕೊಳ್ಳುವುದು. ಗೇಟು ದಾಟಿ ಅಂಗಡಿಗೂ ಹೋಗುತ್ತಿರಲಿಲ್ಲ. ಬೈದು ನೋಡಿದೆ, ಮುದ್ದು ಮಾಡಿ ನೋಡಿದೆ, ದೇವರಿಗೆ ಹರಕೆಯನ್ನೂ ಹೊತ್ತೆ. ಯಾವುದೂ ನಡೆಯಲಿಲ್ಲ.

ದಸರಾ ಹತ್ತಿರ ಬಂದಾಗ ಒಂದು ದಿನ ತಾನಾಗಿಯೇ ಬಂದು ನನ್ನ ಮಿಷಿನ್ ಪಕ್ಕ ನಿಂತಳು. ಕೈಯಲ್ಲಿ ಒಂದು ಚಿತ್ರ.

"ಅಮ್ಮ, ಮಾಲ್‌ನಲ್ಲಿ ಸೂಪರ್‌ಹೀರೋ ವೇಷದ ಸ್ಪರ್ಧೆ ಇದೆ. ಕವಚ ನಾನು ಮಾಡ್ಕೋತೀನಿ. ಬಟ್ಟೆದು ನೀನು ಹೊಲ್ಕೊಡ್ತೀಯಾ?"

ಆ ಚಿತ್ರವನ್ನು ಯಾವ ಕಡೆಯಿಂದ ಹಿಡಿಯಬೇಕೆಂದೇ ನನಗೆ ತಿಳಿಯಲಿಲ್ಲ. "ಇದು ಯಾರೇ?" ಅಂದೆ.

"ಯಾರೂ ಅಲ್ಲ. ನಾನೇ ಯೋಚ್ನೆ ಮಾಡಿ ಬರ್ದಿದ್ದು."

ವೇಷ ಅಂದಮೇಲೆ ಯಾರದಾದರೂ ಆಗಿರಬೇಕಲ್ಲ, ಯಾರೂ ಅಲ್ಲದವರ ವೇಷ ಹಾಕುವುದು ಹೇಗೆ? ಕೇಳಿದರೆ ಎಲ್ಲಿ ತಿರುಗಿ ರೂಮಿಗೆ ಹೋಗಿಬಿಡುತ್ತಾಳೋ ಎಂದು ಹೆದರಿ, "ಆಯ್ತು, ಹೊಲ್ಕೊಡ್ತೀನಿ ಬಿಡು" ಎಂದೆ.

ಮಂಡಿ ಮೊಹಲ್ಲಾದ ಒಂದು ಸಗಟು ಅಂಗಡಿಗೆ ನಾನೇ ಹೋಗಿ, ಚಿಕ್ಕ ಮಕ್ಕಳು ಅಂಬೆಗಾಲಿಡಲು ಹಾಸುವ ಫೋಮ್ ಮ್ಯಾಟ್‌ಗಳನ್ನು ಕೇಳಿದೆ. ಅಂಗಡಿಯವರು ಬಲು ಪ್ರೀತಿಯಿಂದ, "ಮಗುಗೆ ಎಷ್ಟು ತಿಂಗಳಮ್ಮ?" ಅಂದರು. "ಹದಿನೆಂಟು" ಅಂದೆ. ವರ್ಷ ಅಂತ ಹೇಳಲು ಬಾಯೇ ಬರಲಿಲ್ಲ.

ಆಮೇಲೆ ಹನ್ನೊಂದು ದಿನ ನಮ್ಮ ನಡುಮನೆ ನಡುಮನೆಯಾಗಿ ಉಳಿಯಲಿಲ್ಲ. ಮ್ಯಾಟನ್ನು ಬ್ಲೇಡಿನಲ್ಲಿ ಕುಯ್ಯುವುದು, ಮೇಲೆ ಪೇಪರ್ ಹಾಕಿ ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡುವುದು, ಬಿಸಿ ಇರುವಾಗಲೇ ನೀರಿನ ಬಿಂದಿಗೆಯ ಮೇಲೆ ಒತ್ತಿ ಹಿಡಿದರೆ ಅದು ಎದೆಯ ಆಕಾರಕ್ಕೆ ಬಗ್ಗುವುದು. ಮೊಣಕಾಲಿನದಕ್ಕೆ ಚೊಂಬು. ತಲೆಯದಕ್ಕೆ ನನ್ನ ದೊಡ್ಡ ಕುಕ್ಕರು ಹೋಯಿತು, ಎರಡು ದಿನ ಬೇಳೆ ಬೇಯಿಸಲು ಪರದಾಡಿದೆ. ಗೋಂದಿನ ವಾಸನೆಗೆ ತಲೆ ತಿರುಗುತ್ತಿತ್ತು. ಅವಳು "ಅಮ್ಮ, ಇದು ಬಲಭುಜ" ಎಂದು ತೋರಿಸಿದ್ದು ನನಗೆ ತೊಡೆಯದು ಅನ್ನಿಸುತ್ತಿತ್ತು. ಹಿಂದೆ ಇಳಿಬಿಡುವ ಕೆಂಪು ಬಟ್ಟೆಯನ್ನು ನಾನು ಹೊಲಿಯುವಾಗ ಅತ್ತೆ ಬಂದು, "ಸೆರಗು ಮುಂದಕ್ಕೆ ಬರ್ಬೇಕಲ್ವೇನವ್ವ? ಇದ್ಯಾಕೆ ಬೆನ್ನ ಹಿಂದೆಲೇ ನಿಂತೋಯ್ತು?" ಅಂದರು. ನನಗೆ ಗೊತ್ತಿದ್ದರಲ್ಲವೇ ಹೇಳುವುದು!

ನಾನು ಒಂದು ದೊಡ್ಡ ಎಡವಟ್ಟನ್ನೂ ಮಾಡಿದೆ. ಎದೆಕವಚ ಕಾಣುವ ಹಾಗೆ ಅಗಲ ಕೊರಳಿಟ್ಟು, ಕವಚದ ಮೇಲೆ ಹಾಕಿಕೊಳ್ಳುವ ನೀಲಿ ಅಂಗಿಗೆ ಬ್ಲೌಸಿಗೆ ತೆಗೆದುಕೊಂಡ ಹಾಗೆ ಮೈಯ ಅಳತೆ ತೆಗೆದುಕೊಂಡೆ. ಮಧ್ಯೆ ದಪ್ಪ ಫೋಮ್ ಬರುತ್ತದೆ ಎನ್ನುವುದು ತಲೆಗೇ ಹೋಗಲಿಲ್ಲ. ಹಬ್ಬದ ಹಿಂದಿನ ದಿನ ಹಾಕಿ ನೋಡಿದರೆ ಗುಂಡಿಗೂ ಕಾಜಕ್ಕೂ ಒಂದು ಗೇಣು ದೂರ. "ನಾಳೆ ಬೆಳಿಗ್ಗೆ ಪೂಜೆಗೆ ಮುಂಚೆ ಪಕ್ಕ ಬಿಚ್ಚಿ ಪಟ್ಟಿ ಕೊಡ್ತೀನಿ, ಅರ್ಧ ಗಂಟೆ ಕೆಲಸ" ಎಂದು ಅವಳಿಗೆ ಧೈರ್ಯ ಹೇಳಿದೆ. ಸ್ಪರ್ಧೆ ಇದ್ದದ್ದು ಆಯುಧಪೂಜೆಯ ದಿನವೇ, ಮಧ್ಯಾಹ್ನ ಮೂರು ಗಂಟೆಗೆ.

ಬೆಳಿಗ್ಗೆ ಹಬ್ಬದ ಬ್ಲೌಸುಗಳನ್ನು ಕೊಡಲು ಪಕ್ಕದ ಬೀದಿಗೆ ಹೋದೆ. ಅಲ್ಲಿ ಕುಂಕುಮ, ತಾಂಬೂಲ, ಮಾತು ಅಂತ ತಡವಾಯಿತು. ವಾಪಸ್ ಬಂದು ನಡುಮನೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಗೋಡೆ ಪಕ್ಕ ಮಣೆ ಹಾಕಿ ಅತ್ತೆ ಪೂಜೆಗೆ ಜೋಡಿಸಿದ್ದರು. ನನ್ನ ಮಿಷಿನ್, ಕತ್ತರಿ, ಸೂಜಿದಾರದ ಡಬ್ಬಿ, ಯಜಮಾನರ ಸ್ಪ್ಯಾನರುಗಳು. ಅವುಗಳ ಪಕ್ಕದಲ್ಲಿ ಸಿಂಚನಳ ಎದೆಕವಚ, ಭುಜದ್ದು, ತಲೆಯದು, ನೀಲಿ ಅಂಗಿ, ಎಲ್ಲವೂ! ಎದೆಯ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ತಲೆಕವಚದ ಕಿವಿಯ ತೂತಿಗೆ ಚೆಂಡು ಹೂವು. ಮಂಗಳಾರತಿ ಮುಗಿದು ಕರ್ಪೂರ ಆರಿತ್ತು.

"ಅತ್ತೆ, ಇದೇನು ಮಾಡ್ಬಿಟ್ರಿ!"

"ಪೂಜೆ ಆಯ್ತು ಕಣವ್ವ. ಇನ್ನು ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ ಕದಲಿಸೋದು."

ಯಜಮಾನರ ಕಡೆ ನೋಡಿದೆ. ಆರತಿ ಎತ್ತಿದ್ದೇ ಅವರು. "ಅಮ್ಮ ಎತ್ತು ಅಂದ್ರು, ಎತ್ತಿದೆ. ಸ್ಪರ್ಧೆ ನೆನಪಿಗೇ ಬರ್ಲಿಲ್ಲ ಕಣೇ" ಎಂದು ಸ್ಕೂಟರು ಒರೆಸಲು ಹೊರಗೆ ಹೋದರು.

ಅಷ್ಟರಲ್ಲಿ ಸಿಂಚನ ತಲೆಗೆ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ಬಂದಳು. ನೋಡಿದಳು. ಅಳಲಿಲ್ಲ, ಕೂಗಾಡಲಿಲ್ಲ. ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಇನ್ನು ಈ ಬಾಗಿಲು ಯಾವಾಗ ತೆಗೆಯುತ್ತಾಳೋ ಅನ್ನಿಸಿತು.

ನನಗೆ ದಿಕ್ಕೇ ತೋಚಲಿಲ್ಲ. ಪೂಜೆಗಿಟ್ಟದ್ದನ್ನು ಎತ್ತಿದರೆ ಹಬ್ಬದ ದಿನ ಹಿರಿಯರ ಮನಸ್ಸು ನೋಯುತ್ತದೆ, ಎತ್ತದಿದ್ದರೆ ಮಗಳು ಕೈತಪ್ಪುತ್ತಾಳೆ. ಸುಳ್ಳು ಹೇಳಿ ಅತ್ತೆಯನ್ನು ಪಕ್ಕದ ಮನೆಗೆ ಕಳಿಸಲೇ ಎಂದೂ ಯೋಚಿಸಿದೆ. ಕೊನೆಗೆ ಸಿಟ್ಟೇ ಬಂತು.

"ಅತ್ತೆ, ಅದು ಆಯುಧ ಅಲ್ಲ! ಮಕ್ಕಳು ಕೂರೋ ಚಾಪೆ. ಆಟದ ಸಾಮಾನು. ಅದಕ್ಯಾರಾದ್ರೂ ಪೂಜೆ ಮಾಡ್ತಾರಾ?"

ಅತ್ತೆಗೆ ನನ್ನ ಸಿಟ್ಟೇ ಅರ್ಥವಾದಂತೆ ಕಾಣಲಿಲ್ಲ. "ಎಂಗವ್ವ ಆಟದ ಸಾಮಾನಾಯ್ತದೆ? ಹನ್ನೊಂದು ದಿನದಿಂದ ನೋಡ್ತಾ ಇವ್ನಿ. ಊಟ ಮರ್ತು ಕುಯ್ದಿದ್ದೇನು, ಅಂಟಿಸಿದ್ದೇನು! ಕೈ ಸುಟ್ಕೊಂಡ್ರೂ ಬುಡ್ಲಿಲ್ಲ. ನಿನ್ ಮಿಷಿನ್‌ಗೂ ಪೂಜೆ, ನನ್ ಮಗನ ಸ್ಪ್ಯಾನರ್‌ಗೂ ಪೂಜೆ. ದುಡಿದಿರೋ ಮಗೀದು ಮಾತ್ರ ಮೂಲೇಲಿ ಬಿದ್ದಿರ್ಲಿ ಅಂತ ಬುಟ್ಬುಡಕ್ಕಾಯ್ತದಾ?"

ಸ್ವಲ್ಪ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು. ಸಿಂಚನ ಬಾಗಿಲಲ್ಲಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

"ಅಜ್ಜಿ, ಅಪ್ಪನ ಸ್ಕೂಟರ್‌ಗೂ ಪೂಜೆ ಮಾಡ್ತೀರಲ್ಲ. ಅದನ್ನ ಇವತ್ತು ಓಡಿಸಲ್ವಾ?"

"ಅದು ವಾಹನ ಕಣ್ ಮಗಾ. ಪೂಜೆ ಆದ್ಮೇಲೆ ಒಂದು ಸುತ್ತು ಓಡ್ಲೇಬೇಕು. ಆಯುಧ ಆದ್ರೆ ಮಲಗ್ಬೇಕು."

"ಇದು ಹಾಕ್ಕೊಂಡು ಓಡಾಡೋದು. ಹಾಗಾದ್ರೆ ಇದು ಯಾವುದಕ್ಕೆ ಸೇರುತ್ತೆ?"

ಅತ್ತೆ ಕವಚವನ್ನು ನೋಡಿದರು, ಅವಳನ್ನು ನೋಡಿದರು.

"ಇದ್ನ ಆಕ್ಕೊಂಡು ನೀನು ಮನೆಯಿಂದ ಆಚೆಗೆ ಓಯ್ತೀಯಾ?"

"ಹೂಂ ಅಜ್ಜಿ."

"ಅಷ್ಟು ಜನದ ಮುಂದೆ ನಿಂತ್ಕೋತೀಯಾ?"

ಸಿಂಚನ ಮಣೆಯ ಹತ್ತಿರ ಬಂದು ನಿಂತಳು. "ನಿಂತ್ಕೋತೀನಿ."

"ಅಂಗಾದ್ರೆ ವಾಹನ ಅಂತ್ಲೇ ಇಟ್ಕೊ" ಎಂದು ಅತ್ತೆ ನನ್ನ ಕಡೆ ತಿರುಗಿದರು. "ನಿಂತ್ಕೊಂಡು ಏನ್ ನೋಡ್ತೀಯವ್ವ, ಎರಡು ನಿಂಬೆಹಣ್ಣು ತಗೊಂಬಾ."

ಕವಚ, ಅಂಗಿ ಎದ್ದವು, ಆದರೆ ಮಿಷಿನ್ ಏಳಲಿಲ್ಲ. ಅದು ಆಯುಧವೇ, ಅದರಲ್ಲಿ ವಾದವೇ ಇಲ್ಲ. ಸೂಜಿದಾರವೂ ಪೂಜೆಯಲ್ಲಿತ್ತು. ನಾನು ನನ್ನ ತಾಳಿಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ಬಿಚ್ಚಿದೆ. ಅತ್ತೆ ತಮ್ಮ ಬಳೆಯಲ್ಲಿದ್ದ ಪಿನ್ನುಗಳನ್ನು ಕೊಟ್ಟರು. ಸಾಲದೆ ಪಕ್ಕದ ಮನೆಯಿಂದಲೂ ತಂದೆವು. ಅಂಗಿಯ ಎರಡು ಪಕ್ಕದ ಹೊಲಿಗೆಯನ್ನು ಪಿನ್ನಿನ ಮೊನೆಯಲ್ಲೇ ಬಿಚ್ಚಿ, ಉಳಿದಿದ್ದ ಕೆಂಪು ಪಟ್ಟಿ ಇಟ್ಟು ಬರೀ ಪಿನ್ನಿನಲ್ಲೇ ಕೂರಿಸಿದೆ. ಇಪ್ಪತ್ತು ವರ್ಷದ ನನ್ನ ಕಸುಬಿನಲ್ಲಿ ಅಷ್ಟು ಕೆಟ್ಟ ಕೆಲಸ ನಾನು ಮಾಡಿದ್ದೇ ಇಲ್ಲ.

ಎರಡೂವರೆಗೆ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ಫೋಮ್ ಅಂಟಿಸಿದ ಚಪ್ಪಲಿಗಳ ಮುಂದೆ ಅತ್ತೆ ಒಂದೊಂದು ನಿಂಬೆಹಣ್ಣು ಇಟ್ಟರು. ಎದುರುಮನೆಯವರು ಗೇಟಿಗೆ ಬಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬಲಗಾಲಿನದು ಪಚಕ್ಕೆಂದಿತು. ಎಡಗಾಲಿನದು ಜಾರಿ ರಂಗೋಲಿಯತ್ತ ಉರುಳಿಹೋಯಿತು. ಅವಳೇ ಎರಡು ಹೆಜ್ಜೆ ಅಟ್ಟಿಸಿಕೊಂಡು ಹೋಗಿ ತುಳಿದಳು. ಎಷ್ಟೋ ತಿಂಗಳ ಮೇಲೆ ಅವಳು ಜೋರಾಗಿ ನಕ್ಕಿದ್ದನ್ನು ಕೇಳಿದೆ. ಆಮೇಲೆ ಅಪ್ಪನ ಸ್ಕೂಟರ್ ಹತ್ತಿದಳು. ನಾನು ಆಟೋದಲ್ಲಿ ಹಿಂದೆ ಹೋದೆ.

ಮಾಲ್‌ನಲ್ಲಿ ಒಬ್ಬೊಬ್ಬರ ವೇಷ ನೋಡಿ ನನಗೆ ತಲೆ ಕೆಟ್ಟುಹೋಯಿತು. ಸಿಂಚನಳ ಸರದಿ ಬಂದಾಗ ನಿರೂಪಕಿ, "ನಿಮ್ಮದು ಯಾವ ಪಾತ್ರ?" ಅಂದರು.

"ಇನ್ನೂ ಹೆಸರಿಟ್ಟಿಲ್ಲ" ಅಂದಳು.

"ಎದೆ ಮೇಲಿರೋ ಈ ಮೂರು ಪಟ್ಟೆ? ನಿಮ್ಮ ಹೀರೋ ಗುರುತಾ?"

ಒರೆಸಿಕೊಂಡು ಬಾರೇ ಎಂದು ನಾನು ಆಟೋ ಹತ್ತುವ ಮೊದಲೇ ಹೇಳಿದ್ದೆ. ಅವಳು ಒರೆಸಿರಲಿಲ್ಲ. ಮೈಕನ್ನು ತಾನೇ ಕೈಗೆ ತೆಗೆದುಕೊಂಡು, "ಇಲ್ಲ. ಇದನ್ನ ನಾನು ಮಾಡಿದ್ದು, ನಮ್ಮಜ್ಜಿ ಪೂಜೆ ಮಾಡಿಸಿದ್ರು" ಎಂದಳು. ಜನ ನಕ್ಕರು, ಚಪ್ಪಾಳೆಯನ್ನೂ ಹೊಡೆದರು. ಬಹುಮಾನ ಬೇರೆಯವರಿಗೆ ಹೋಯಿತು.

ಮನೆಗೆ ಬಂದಾಗ ಅತ್ತೆ ಗೆದ್ದೆಯಾ ಎಂದು ಕೇಳಲಿಲ್ಲ. "ಎಲ್ಲಾದ್ರೂ ಕಿತ್ತೋಯ್ತಾ ಮಗಾ?" ಎಂದರು.

"ಎಡಭುಜ ಸ್ವಲ್ಪ ಬಿಟ್ಕೊಂಡಿದೆ ಅಜ್ಜಿ."

"ನಾಳೆ ಅಂಟಿಸ್ಕೊ. ಇವತ್ತು ಅದು ಸುಧಾರಿಸ್ಕೊಳ್ಲಿ" ಎಂದು ಅವಳ ಕೈಯಿಂದ ಕವಚವನ್ನು ಈಸಿಕೊಂಡು ಮತ್ತೆ ಮಣೆಯ ಮೇಲೆ ಇಟ್ಟರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಒಂದು ಮಾತನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಅವತ್ತು ಬೆಳಿಗ್ಗೆ ಬ್ಲೌಸ್ ಕೊಡಲು ಹೋದ ಮನೆಯವರು, "ಮಗಳು ಈಗ ಏನ್ಮಾಡ್ತಿದ್ದಾಳ್ರೀ?" ಎಂದು ಕೇಳಿದ್ದರು. ನನ್ನ ಪಕ್ಕದಲ್ಲೇ ಹನ್ನೊಂದು ದಿನ ಬೆವರು ಒರೆಸಿಕೊಳ್ಳುತ್ತಾ ಕೆಲಸ ಮಾಡಿದವಳ ಬಗ್ಗೆ ನಾನು, ಅವಳ ಹೆತ್ತ ತಾಯಿ, ಹೇಳಿದ್ದು ಒಂದೇ ಮಾತು: "ಏನೂ ಇಲ್ಲ ಕಣ್ರೀ, ಸುಮ್ನೆ ಮನೇಲಿದ್ದಾಳೆ."