ಕುಪವಾಡ ಮಾಳದ ಎಕ್ಕೆ

ನಮ್ಮ ಭಾವ ಬಸಲಿಂಗಪ್ಪ ಸಾಂಗಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರಿ. ದನಿ ಎತ್ತಿ ಮಾತಾಡಿದವರಲ್ಲ. ಮೂವತ್ತು ತುಂಬುವುದರೊಳಗೆ ಇಬ್ಬರು ಹೆಂಡಂದಿರನ್ನು ಮಣ್ಣು ಮಾಡಿದ್ದರು, ಪಾಪ. ನಮ್ಮೂರು ಆರಗಕ್ಕೆ ಬಂದು ನಮ್ಮಕ್ಕ ಅನಸೂಯಾಳನ್ನು ಕೇಳಿದಾಗ ನಮ್ಮಪ್ಪ ಒಂದೇ ಕರಾರು ಹಾಕಿದ: ಮೊದಲು ಎಕ್ಕೆ ಗಿಡಕ್ಕೆ ತಾಳಿ ಕಟ್ಟಬೇಕು. ಮೂರನೆಯವಳು ಉಳಿಯುವುದಿಲ್ಲವೆಂಬ ಭಯ ನಮ್ಮಲ್ಲಿ. ಗಿಡವನ್ನು ಮದುವೆಯಾಗಿ ಕಡಿದುಬಿಟ್ಟರೆ ಸಾವು ಅದರ ಪಾಲಿಗೆ. ಹುಡುಗಿ ನಾಲ್ಕನೆಯವಳಾಗಿ ಬದುಕುತ್ತಾಳೆ.

ಸಾಂಗಲಿ ಪಕ್ಕದ ಕುಪವಾಡದ ಮಾಳ ಆಗ ಬರೀ ಗರಸು ನೆಲ. ಹುಲ್ಲೂ ಸುಟ್ಟುಹೋಗುವ ಬೇಸಿಗೆಯಲ್ಲಿ ಎಕ್ಕೆ ಮಾತ್ರ ಬೂದಿ ಬಳಿದಂಥ ದಪ್ಪ ಎಲೆ ಬಿಟ್ಟು, ನೇರಳೆ ಹೂಗೊಂಚಲು ಹೊತ್ತು ನಿಂತಿರುತ್ತಿತ್ತು. ಆಡು ಕೂಡ ಬಾಯಿ ಹಾಕುತ್ತಿರಲಿಲ್ಲ. ಅಂಥದೊಂದು ಗಿಡಕ್ಕೆ ಭಾವ ತಾಳಿ ಕಟ್ಟಿದರು. ಕಡಿಯುವುದನ್ನು ಯಾರೂ ನೋಡಬಾರದೆಂದು ನಾವೆಲ್ಲ ಗಾಡಿ ಹತ್ತಿದೆವು. ಕಡಿದೆ ಅಂದರು, ನಂಬಿದೆವು.

ಕಡಿದಿರಲಿಲ್ಲ. ಅಕ್ಕನಿಗಷ್ಟೇ ನಿಜ ಹೇಳಿದ್ದರು: "ಎರಡು ಸಲ ಮಣ್ಣ ಹಾಕಿದ ಕೈ ಇದು, ಅನಸೂ. ಹೂ ಬಿಟ್ಟದ್ದನ್ನ ಕಡೀಲಿಕ್ಕೆ ಏಳಲಿಲ್ಲ." ಅವಳೋ, ನಕ್ಕುಬಿಟ್ಟಳಂತೆ. ವರ್ಷಕ್ಕೊಮ್ಮೆ ಗುಟ್ಟಾಗಿ ಹೋಗಿ ಅದಕ್ಕೆ ಕುಂಕುಮ ಇಟ್ಟು, "ನನ್ನ ಹಿರೇ ಸವತಿ ಇಕಿ" ಎಂದು ಗಂಡನನ್ನು ಕಾಡಿಸುತ್ತಿದ್ದಳಂತೆ. ಅಂಥ ಗಂಡ ಹೆಂಡತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮದುವೆಯಾದ ಆರನೆಯ ವರ್ಷ ಅಕ್ಕನಿಗೆ ವಿಷಮಜ್ವರ ಬಂತು, ಆರೈಕೆಗೆ ನಾನು ಹೋದೆ. ಮಿರಜಿನ ಡಾಕ್ಟರು ತಲೆ ಅಲ್ಲಾಡಿಸಿ ಹೋದರು. ಜ್ವರದಲ್ಲಿ ಅಕ್ಕ, "ಈ ವರ್ಷ ಎಕ್ಕಿ ಗಿಡಕ್ಕ ಕುಂಕುಮ ಹಚ್ಚಲಿಲ್ಲಲ್ಲ, ಸರೂ" ಎಂದು ಬಡಬಡಿಸಿದಾಗ ನನಗೆ ಗುಟ್ಟು ತಿಳಿಯಿತು. ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲೇ ಕೂತಿದ್ದ ಭಾವನನ್ನು ಹೊರಗೆ ಕರೆದು ಕೈಗೆ ಕೊಡಲಿ ಕೊಟ್ಟೆ.

"ನೀವಽ ಕೊಂದ್ರಿ ನಮ್ಮಕ್ಕನ್ನ! ಈಗರೆ ಹೋಗಿ ಕಡೀರಿ!"

"ಆಕಿ ಕೈ ಹಿಡ್ಕೊಂಡು ಕುಂದರ್ತೀನಿ, ಸರೂ. ಇವತ್ತೊಂದಿನ ಬಿಡವ್ವಾ."

"ಆಕಿ ಉಳೀಬೇಕೋ ಬ್ಯಾಡೋ?"

ಹೋದರು. ಅವರು ಮಾಳ ಮುಟ್ಟುವಷ್ಟರಲ್ಲಿ ಅಕ್ಕ ಕಣ್ಣು ಬಿಟ್ಟಳು. ಅಯ್ಯೋ, ಜ್ಞಾನ ಚೆನ್ನಾಗಿತ್ತು. "ಅವರೆಲ್ಲಿ?" ಎಂದಳು. "ಬಂದ್ರು, ಈಗ ಬಂದ್ರು" ಎಂದೆ. ಮತ್ತೆ ಕೇಳಿದಳು. ಬಾಗಿಲ ಕಡೆಗೇ ನೋಡುತ್ತ ಪ್ರಾಣ ಬಿಟ್ಟಳು.

ಭಾವ ಓಡಿ ಬಂದಾಗ ಅಂಗಿಯ ತುಂಬ ಎಕ್ಕೆ ಹಾಲು. "ಕಡದೆ, ಸರೂ. ಈಗ ಹ್ಯಾಂಗದಾಳ?" ಎಂದರು.

ಆಮೇಲೆ ಇಪ್ಪತ್ತು ವರ್ಷ ಒಂಟಿಯಾಗಿ ಬದುಕಿದರು. ಅಕ್ಕನ ಕೊನೆಗಳಿಗೆಯಲ್ಲಿ ಅವಳ ಕೈಯಿಂದ ಅವರ ಕೈ ಬಿಡಿಸಿದವಳು ನಾನು. ಅದಕ್ಕಾಗಿ ಅವರು ಒಂದು ದಿನವೂ ನನ್ನನ್ನು ಬೈಯಲಿಲ್ಲ.